ಪ್ಯಾನೆಲ್ ಒರೆಸುವ ಮಾದಮ್ಮ

ಮಾದಮ್ಮನ ಬಗ್ಗೆ ಊರಿನಲ್ಲಿ ಈಗ ನೂರೆಂಟು ಮಾತು. ನಾಲಿಗೆಗೆ ಎಲುಬಿಲ್ಲ, ಆಡುತ್ತಾರೆ. ಆಡುವವರಲ್ಲಿ ಒಬ್ಬರಾದರೂ ಆ ಏಣಿ ಹತ್ತಿ ನೋಡಿದವರಲ್ಲ. ಹತ್ತುತ್ತಿದ್ದವಳು ಅವಳು, ಬೀಗದ ಕೈ ಕೊಡುತ್ತಿದ್ದವಳು ನಾನು. ಆದ್ದರಿಂದ ನಡೆದದ್ದನ್ನು ನಾನೇ ಹೇಳುತ್ತೇನೆ, ನನ್ನ ತಪ್ಪನ್ನೂ ಸೇರಿಸಿ.

ನನ್ನ ಹೆಸರು ಮೀನಾಕ್ಷಿ. ತವರು ಗೆಂಡೆಹಳ್ಳಿ, ಸೇರಿದ್ದು ಹಳೇಬೀಡು. ಬೇಲೂರು ರಸ್ತೆಯಲ್ಲಿರುವ ಅಕಲಂಕಯ್ಯನವರ ಹಿಟ್ಟಿನ ಮಿಲ್ಲಿನಲ್ಲಿ ಹದಿಮೂರು ವರ್ಷದಿಂದ ತಕ್ಕಡಿ ಮುಂದೆ ಕೂತಿದ್ದೇನೆ. ರಾಗಿ ತೂಗುವುದು, ಚೀಟಿ ಕೊಡುವುದು, ಸರದಿ ತಪ್ಪಿಸಿ ನುಗ್ಗುವವರನ್ನು ಬೈಯುವುದು ನನ್ನ ಕೆಲಸ. ಮೂರನೆಯದನ್ನು ಚೆನ್ನಾಗಿ ಮಾಡುತ್ತೇನೆ ಎಂದು ಹೆಸರಿದೆ. ಮಾದಮ್ಮ ಅದೇ ಮಿಲ್ಲಿನಲ್ಲಿ ಕಸ ಗುಡಿಸುತ್ತಿದ್ದಳು. ದಿನಾ ಹುಲಿಕೆರೆಯಿಂದ ನಡೆದು ಬರುವಳು. ಐವತ್ತೆರಡು ವರ್ಷ, ಕಡ್ಡಿಯಂಥ ಮೈ, ದವಡೆಯಲ್ಲಿ ಸದಾ ಎಲೆ ಅಡಿಕೆ. ಹುಟ್ಟಿದ್ದು ಅರಸೀಕೆರೆ ಕಡೆ. ಚಿಕ್ಕಂದಿನಿಂದ ಕೊಬ್ಬರಿ ಅಟ್ಟ ಹತ್ತಿ ಇಳಿದು ಬೆಳೆದವಳಾದ್ದರಿಂದ ಎತ್ತರವೆಂದರೆ ಅವಳಿಗೆ ಮನೆ ಜಗಲಿ ಇದ್ದ ಹಾಗೆ. ಮಿಲ್ಲಿಗೆ ಬರುವ ಎಲ್ಲರಿಗೂ ಒಂದೊಂದು ಅಡ್ಡಹೆಸರು ಇಟ್ಟಿದ್ದಳು. ನಾನು ಅವಳಿಗೆ ‘ಪೊಲೀಸ್ ಸ್ಟೇಷನ್’.

ಅವಳಿಗೆ ಒಂದು ಸ್ವಭಾವವಿತ್ತು. ಎದುರಿಗಿದ್ದವರ ಮುಖ ಬಾಡಿದರೆ ತಡೆಯಲಾರಳು. ಯಾರಿಗಾದರೂ ನೋವಾಗುತ್ತದೆ ಎಂದು ಗೊತ್ತಾದರೆ ಕಣ್ಣು ಮಿಟುಕಿಸದೆ ಸುಳ್ಳು ಹೇಳಿಬಿಡುವಳು. ಪರೀಕ್ಷೆಯಲ್ಲಿ ಫೇಲಾದ ಪಕ್ಕದ ಮನೆ ಹುಡುಗಿಯ ಬಗ್ಗೆ ಅವಳ ತಾಯಿಗೆ ಎರಡು ತಿಂಗಳು ಪಾಸು ಎಂದೇ ನಂಬಿಸಿದ್ದಳು ಮಹಾತಾಯಿ. ಕೇಳಿದರೆ, ಒಳ್ಳೇದಕ್ಕೆ ಸುಳ್ಳು ಹೇಳುವಾಗ ದೇವರು ಕಿವಿ ಮುಚ್ಚಿಕೊಳ್ಳುತ್ತಾನೆ ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಮೂರು ವರ್ಷದ ಹಿಂದೆ ಅಕಲಂಕಯ್ಯನವರು ಮಿಲ್ಲಿನ ಶೀಟಿನ ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿದರು. ನಾಲ್ಕು ಸಾಲು, ನಲವತ್ತೆಂಟು ಪ್ಯಾನೆಲ್. ಮೊದಲ ಎರಡು ತಿಂಗಳು ಅವು ಮದುವೆ ಮನೆಯ ಹೊಸ ತಟ್ಟೆಯಂತೆ ಹೊಳೆದವು. ಆಮೇಲೆ ಬರುವ ಕರೆಂಟು ದಿನದಿಂದ ದಿನಕ್ಕೆ ಇಳಿಯತೊಡಗಿತು. ಹಾಕಿಕೊಟ್ಟ ಎಲೆಕ್ಟ್ರಿಷಿಯನ್ ಅರುಣ್‌ಕುಮಾರ್ ಬೇಲೂರಿನ ಹುಡುಗ, ಕೆಲಸದಲ್ಲಿ ಚುರುಕು. ಮೇಲೆ ಹತ್ತಿ ನೋಡಿ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದ. ನಮ್ಮ ಮಿಲ್ಲಿನ ಹಿಟ್ಟೇ ಮೇಲೆ ಹೋಗಿ ಕೂತಿತ್ತು. ಅದರ ಮೇಲೆ ರಸ್ತೆಯ ಟಿಪ್ಪರ್ ಲಾರಿಗಳ ಧೂಳು, ಅದರ ಮೇಲೆ ಇಬ್ಬನಿ, ಆಮೇಲೆ ಬಿಸಿಲು. ಎಲ್ಲ ಸೇರಿ ತವದ ಮೇಲೆ ತಟ್ಟಿದ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಒಂದು ಪ್ಯಾನೆಲ್ ಮಂಕಾದರೆ ಇಡೀ ಸಾಲೇ ಮಂಕಾಗುತ್ತದೆ, ಒಂದು ಎತ್ತು ಕುಂಟಿದರೆ ಗಾಡಿಯೇ ಕುಂಟಿದ ಹಾಗೆ ಎಂದು ಅವನು ವಿವರಿಸಿದ.

ತೊಳೆಯುವ ಕೆಲಸವನ್ನು ಮಾದಮ್ಮ ಕೇಳಿ ತೆಗೆದುಕೊಂಡಳು. ಮೊದಲ ವಾರ ತಪ್ಪು ಮಾಡಿದಳು: ತೆಂಗಿನ ನಾರಿನಲ್ಲಿ ತಿಕ್ಕಿ ಗೀರು ಬೀಳಿಸಿದಳು. ಬೋರ್ ನೀರು ಸುರಿದಳು, ಅದು ಒಣಗಿ ಸುಣ್ಣದ ಕಲೆ ಬಿತ್ತು. ಆಮೇಲೆ ತಾನೇ ದಾರಿ ಕಂಡುಕೊಂಡಳು. ಬೆಳಿಗ್ಗೆ ಐದೂವರೆಗೆ, ಹೊತ್ತು ಮೂಡುವ ಮುಂಚೆ, ಗಾಜಿನ ಮೇಲೆ ಇಬ್ಬನಿ ದಪ್ಪಗೆ ಕೂತಿರುತ್ತದಲ್ಲ, ಆ ಇಬ್ಬನಿಯಲ್ಲೇ ಹಳೆ ಹತ್ತಿ ಪಂಚೆ ಹಿಡಿದು ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ಕಾಗೆ ಹಿಕ್ಕೆಯ ಮೇಲೆ ಒದ್ದೆ ಗೋಣಿತಾಟು ಹಾಕಿ ನೆನೆಯಲು ಬಿಟ್ಟು ಮುಂದಿನ ಸಾಲಿಗೆ ಹೋಗುವಳು, ಕೆರೆಯುವಂತಿಲ್ಲ. ಒಂದು ಬಿಂದಿಗೆ ನೀರೂ ಬೇಕಾಗುತ್ತಿರಲಿಲ್ಲ. ಅರುಣ್‌ಕುಮಾರ್ ಬಂದು ನೋಡಿ, ನಮ್ಮ ಕಂಪನಿಯವರಿಗೆ ಇವರೇ ಬಂದು ಪಾಠ ಮಾಡಬೇಕು ಎಂದ. ಮಾದಮ್ಮ ಆ ಮಾತನ್ನು ಆರು ತಿಂಗಳು ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಅಕಲಂಕಯ್ಯನವರ ಬಗ್ಗೆಯೂ ಹೇಳಬೇಕು. ಅರವತ್ತಾರು ವರ್ಷದ ಜೈನರು, ಬಸ್ತಿಹಳ್ಳಿಯ ಬಸದಿಗೆ ಹೋಗದೆ ಒಂದು ದಿನವೂ ಮಿಲ್ ಬಾಗಿಲು ತೆಗೆಸಿದವರಲ್ಲ. ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯುವರು, ಹೊತ್ತು ಮುಳುಗುವ ಮುಂಚೆ ಊಟ, ಅಷ್ಟಮಿ ಚತುರ್ದಶಿ ಬಂದರೆ ಉಪವಾಸ. ಹದಿಮೂರು ವರ್ಷದಲ್ಲಿ ನನ್ನನ್ನು ಒಂದು ಸಲವೂ ಏಕವಚನದಲ್ಲಿ ಕರೆದಿಲ್ಲ. ಅಂಥ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ. ಆದರೂ ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ.

ಹೋದ ವರ್ಷ ಭಾದ್ರಪದದಲ್ಲಿ, ಅವರ ದಶಲಕ್ಷಣ ಪರ್ವದ ದಿನಗಳಲ್ಲಿ, ಬಸದಿಗೆ ಹೊರಟವರು ಮಿಲ್ಲಿನ ಮೇಲೆ ಟಾರ್ಚಿನ ಬೆಳಕು ಕಂಡು ಏಣಿ ಹತ್ತಿದರು. ಮಾದಮ್ಮ ಒರೆಸುತ್ತಿದ್ದಳು. ಗಾಜಿನ ತುಂಬ ಸೊಳ್ಳೆಗಿಂತ ಸ್ವಲ್ಪ ದೊಡ್ಡ ರೆಕ್ಕೆಹುಳಗಳು ಕೂತಿದ್ದವು, ನೂರಾರು. ಹಳೇಬೀಡಿನ ಕೆರೆ ಅಲ್ಲೇ ಪಕ್ಕದಲ್ಲಿದೆ. ರಾತ್ರಿ ಹೊಳೆಯುವ ಗಾಜನ್ನು ಅವು ನೀರೆಂದುಕೊಂಡು ಬಂದು ಮೊಟ್ಟೆ ಇಡಲು ಕೂರುತ್ತಿದ್ದವು. ಯಜಮಾನರು ಅವಳ ಕೈಯಿಂದ ಪಂಚೆ ತೆಗೆದುಕೊಂಡು ಟಾರ್ಚಿನಲ್ಲಿ ಹಿಡಿದು ನೋಡಿದರು. ಅದು ಅವರದೇ ಹಳೆಯ ಪಂಚೆ. ಅದರ ತುಂಬ ಕಪ್ಪು ಅಂಟು, ರೆಕ್ಕೆಗಳ ಚೂರು. ಕೆಳಗಿಳಿದು ಹೋದರು.

ಆ ದಿನವೇ ಬಸದಿಯಲ್ಲಿ ನಿಯಮ ತೆಗೆದುಕೊಂಡರು: ಸೂರ್ಯ ಮೇಲೆ ಬಂದು ಜೀವಗಳೆಲ್ಲ ಹಾರಿಹೋಗುವ ತನಕ ತಮ್ಮ ಚಾವಣಿಯ ಮೇಲೆ ಬಟ್ಟೆ ಮುಟ್ಟಿಸುವುದಿಲ್ಲ. ಅವರನ್ನು ಯಾರೂ ಒತ್ತಾಯ ಮಾಡಿರಲಿಲ್ಲ. ಅವರ ಕಡೆಯ ಹಿರಿಯರೇ, ಗೃಹಸ್ಥನಿಗೆ ಕಸುಬಿನಲ್ಲಿ ಆಗುವ ಹಿಂಸೆಗೆ ರಿಯಾಯಿತಿ ಉಂಟು, ಇಷ್ಟು ಕಠಿಣ ಬೇಡ ಎಂದರಂತೆ. ಕಣ್ಣಿಗೆ ಬಿದ್ದ ಮೇಲೆ ಅದು ಗೊತ್ತಿಲ್ಲದೆ ಮಾಡಿದ್ದು ಹೇಗಾಗುತ್ತದೆ ಎಂದು ಇವರು ಕೇಳಿದರಂತೆ. ಮಾದಮ್ಮನಿಗೆ ಅಪ್ಪಣೆಯಾಯಿತು, ಇನ್ನು ಹತ್ತೂವರೆಯ ಮೇಲೆ ಹತ್ತಬೇಕು ಎಂದು.

ಹತ್ತೂವರೆಗೆ ಇಬ್ಬನಿ ಎಲ್ಲಿಂದ ಬರಬೇಕು? ನೀರೇ ಬೇಕು. ಶೀಟು ಕಾದಿರುತ್ತದೆ, ಗಾಜು ಮುಟ್ಟಿದರೆ ಕೈ ಸುಡುತ್ತದೆ. ಅದರ ಮೇಲೆ ಪೈಪಿನಲ್ಲಿ ತಣ್ಣನೆಯ ಬೋರ್ ನೀರು. ನಾಲ್ಕನೆಯ ಸಲವೇ ಮೂರನೇ ಸಾಲಿನ ಒಂದು ಪ್ಯಾನೆಲ್ ಚಟ್ಟೆಂದಿತು. ಕೆಳಗೆ ತಕ್ಕಡಿಯ ಹತ್ತಿರ ಕೂತಿದ್ದ ನನಗೂ ಕೇಳಿಸಿತು. ಹೋಗಿ ನೋಡಿದರೆ ಗಾಜಿನ ಒಳಗೆಲ್ಲ ಜೇಡರಬಲೆಯಂಥ ಬಿರುಕು. ಮುಂದಿನ ವಾರ ಮಾದಮ್ಮ ಇಳಿದು ಬಂದು ಅಂಗೈ ಉಜ್ಜಿಕೊಳ್ಳುತ್ತ, ಆ ಒಡೆದ ಪ್ಲೇಟಿನ ಹತ್ತಿರ ಹೋದರೆ ಜುಮ್ಮೆನ್ನುತ್ತದೆ ಎಂದಳು. ನಕ್ಕುಕೊಂಡೇ ಹೇಳಿದಳು.

ನಾನು ಅರುಣ್‌ಕುಮಾರ್‌ಗೆ ಫೋನ್ ಮಾಡಿ ಕರೆಸಿದೆ. ಅವತ್ತು ಅವನು ಹೇಳಿದ ಮಾತು ಒಂದೊಂದೂ ನೆನಪಿದೆ. ನಾವು ಮೇನ್ ಆಫ್ ಮಾಡಿಯೇ ತೊಳೆಯುವುದು ಎಂದು ಯಜಮಾನರು ಹೇಳಿದರು. ಅವನು ತಲೆಯಾಡಿಸಿದ.

“ಸರ್, ಮೇನ್ ಆಫ್ ಮಾಡಿದ್ರೆ ಮಿಲ್ಲಿಗೆ ಕರೆಂಟ್ ನಿಲ್ಲುತ್ತೆ. ಪ್ಯಾನೆಲ್ ನಿಲ್ಲಲ್ಲ. ಬಿಸಿಲು ಇರೋವರ್ಗೂ ಅದು ಹುಟ್ಟಿಸ್ತಾನೇ ಇರುತ್ತೆ. ಬಿಸಿಲನ್ನ ಆಫ್ ಮಾಡೋ ಸ್ವಿಚ್ಚು ಯಾರ ಹತ್ರಾನೂ ಇಲ್ಲ.”

ಒಡೆದದ್ದನ್ನು ಬದಲಾಯಿಸಲೇಬೇಕು, ಆ ಅಳತೆಯದು ಈಗ ಸುಲಭಕ್ಕೆ ಸಿಗುವುದಿಲ್ಲ, ಹುಡುಕುತ್ತೇನೆ. ಅಲ್ಲಿಯವರೆಗೆ ಬಿಸಿಲಲ್ಲಿ ಯಾರೂ ಅಲ್ಲಿಗೆ ನೀರು ತಗೊಂಡು ಹೋಗಬೇಡಿ, ತೊಳೆಯುವುದಿದ್ದರೆ ಕತ್ತಲೆ ಇರುವಾಗಲೇ ತೊಳೆಯಿರಿ ಎಂದ. ತಕ್ಕಡಿಯ ಹಿಂದಿನ ಗೋಡೆಯಲ್ಲಿದ್ದ ಇನ್ವರ್ಟರ್ ಪೆಟ್ಟಿಗೆ ತೋರಿಸಿ ನನಗೆ ಬೇರೆಯಾಗಿ ಹೇಳಿದ: ಇದರಲ್ಲಿ ಕೆಂಪು ದೀಪ ಬಂದರೆ ಕರೆಂಟು ಮೇಲೆ ಎಲ್ಲೋ ಸೋರುತ್ತಿದೆ ಎಂದರ್ಥ, ತಕ್ಷಣ ಫೋನ್ ಮಾಡಿ ಅಕ್ಕಾ. ಆಯಿತು ಎಂದೆ.

ಕತ್ತಲೆ ಇರುವಾಗ ಎಂದರೆ ಯಜಮಾನರ ನಿಯಮಕ್ಕೆ ಅಡ್ಡ. ಸಂಜೆಯಂತೂ ಹುಳಗಳ ಸಂತೆ. ತೊಳೆಯದೆ ಬಿಟ್ಟರು. ದಸರಾ ಕಳೆದು ಮಳೆ ನಿಂತ ಮೇಲೆ ಧೂಳು ಶುರುವಾಯಿತು, ಎರಡು ವಾರದಲ್ಲಿ ಕರೆಂಟು ಅರ್ಧಕ್ಕಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಮಿಷನ್ ನಿಲ್ಲಿಸಬೇಕಾಯಿತು. ಆಗ ಅವರು ಮಾದಮ್ಮನನ್ನು ಕರೆದು, “ನಿಯಮ ನನ್ನದು. ಅಪಾಯ ನಿಮಗ್ಯಾಕಮ್ಮ? ಇನ್ನು ನಾನೇ ಹತ್ತುತ್ತೀನಿ,” ಎಂದರು.

ಹತ್ತಿದ್ದೂ ಆಯಿತು. ಅವತ್ತು ಅಷ್ಟಮಿ, ನಿರಾಹಾರ. ಬಿಪಿ ಇದ್ದ ಮನುಷ್ಯ ಹನ್ನೊಂದು ಗಂಟೆ ಬಿಸಿಲಲ್ಲಿ ಸೋಸಿದ ನೀರಿನ ತಂಬಿಗೆ ಹಿಡಿದು ಏಣಿ ಏರಿದರು. ನಾನೂ ಮಾದಮ್ಮನೂ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದೆವು. ಮೂರನೇ ಸಾಲಿನ ಹತ್ತಿರ ಅವರ ಕೈ ಚಾಟಿ ಏಟು ಬಿದ್ದ ಹಾಗೆ ಹಿಂದಕ್ಕೆ ಹಾರಿತು. ಸಾಲುಗಳ ನಡುವೆ ಓಡಾಡಲು ಹಾಕಿದ್ದ ಹಲಗೆಯ ಮೇಲೆ ಕುಕ್ಕರಿಸಿದವರು ಕಾಲು ಗಂಟೆ ಏಳಲಿಲ್ಲ. ಇಳಿದು ಬಂದು, ತಲೆ ಸುತ್ತಿತು ಅಷ್ಟೇ, ತ್ರಿಶಲಾಗೆ ಹೇಳಬೇಡಿ ಎಂದರು. ತ್ರಿಶಲಮ್ಮ ಎಂದರೆ ಅವರ ಹೆಂಡತಿ. ಯಜಮಾನರ ತುಟಿ ಬೆಳ್ಳಗಾಗಿತ್ತು.

ಆ ಸಂಜೆ ಮಾದಮ್ಮ ಮನೆಗೆ ಹೋಗಲಿಲ್ಲ. ನಾನು ಬಾಗಿಲು ಹಾಕುವವರೆಗೂ ಕಾದಿದ್ದು ನನ್ನ ಮುಂದೆ ಕೈ ಚಾಚಿದಳು. ಮಿಲ್ಲಿನ ಹಿಂದೆಯೇ ನನ್ನ ಮನೆ, ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು.

“ಬೀಗದ ಕೈ ಕೊಡೇ ಮೀನಾಕ್ಷಿ. ನಾಳೆ ನಾಲ್ಕೂವರೆಗೇ ಬತ್ತೀನಿ. ಪ್ಲೇಟು ಮಾಸದೇ ಇದ್ರೆ ಆಯಪ್ಪ ಯಾಕ್ ಹತ್ತಾರು?”

ಅವರಿಗೆ ಗೊತ್ತಾದರೆ ಏನು ಗತಿ, ಅದು ಅವರ ವ್ರತ ಎಂದೆ.

“ವ್ರತ ಅವರ್ದು, ಕೈ ನಂದು. ಪಂಚೆ ಬೀಸ್ತೀನಿ, ಎದ್ದೋದ ಹುಳ ಬದುಕ್ಕಂತವೆ. ಏಳ್ದೇ ಇದ್ದವು ನನ್ನ ಲೆಕ್ಕಕ್ಕಿರ್ಲಿ ಬಿಡು. ಮನ್ಸಾ ಬಿದ್ದು ಸತ್ರೆ ಆ ಪಾಪ ಯಾರ ಲೆಕ್ಕಕ್ಕೆ?”

ಈಗ ಯೋಚಿಸಿದರೆ ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಲ್ಲ. ಕತ್ತಲಲ್ಲಿ ಒರೆಸುವುದೇ ಕ್ಷೇಮ ಎಂದು ಅರುಣ್‌ಕುಮಾರ್ ಕೂಡ ಹೇಳಿದ್ದ. ತಪ್ಪಿದ್ದದ್ದು ಮುಚ್ಚಿಟ್ಟುಕೊಂಡಿದ್ದರಲ್ಲಿ. ಕೊಟ್ಟೆ ಬೀಗದ ಕೈ.

ದೀಪಾವಳಿಯ ಮಾರನೆಯ ವಾರದಿಂದ ಮೂರು ದಿನಕ್ಕೊಮ್ಮೆ ಹೀಗೆ ನಡೆಯಿತು. ನಾಲ್ಕೂವರೆಗೆ ಬಂದು ಟಾರ್ಚೂ ಇಲ್ಲದೆ ಕೈ ಅಂದಾಜಿನಲ್ಲೇ ಒರೆಸಿ, ಐದೂವರೆಯ ಒಳಗೆ ಇಳಿದು, ಪಂಚೆ ಒಗೆದು ನನ್ನ ಹಿತ್ತಿಲಲ್ಲಿ ಒಣಹಾಕಿ ಹೋಗುವಳು. ಎಂಟಕ್ಕೆ ಏನೂ ಅರಿಯದವಳ ಹಾಗೆ ಪೊರಕೆ ಹಿಡಿದು ಬರುವಳು. ಕರೆಂಟು ಏರಿತು. ಯಜಮಾನರು ಫೋನಿನಲ್ಲಿ ದಿನದಿನದ ಗೆರೆ ನೋಡುತ್ತ ಬೆರಗಾದರು. ಒಂದು ದಿನ ನನ್ನನ್ನೇ ಕೇಳಿದರು: ಯಾರೂ ಮುಟ್ಟಿಲ್ಲ, ಇದು ಹೇಗೆ?

ನನ್ನ ಬಾಯಿಗೆ ಮಣ್ಣು ಬೀಳಲಿಲ್ಲವಲ್ಲ. ಮಾದಮ್ಮ ಆಚೆ ಗುಡಿಸುತ್ತಿದ್ದಳು, ಪೊರಕೆ ನಿಂತಿತು. ನಾನು ತಕ್ಕಡಿ ಬಟ್ಟಲು ಒರೆಸುತ್ತ, ಈ ಸಲ ಇಬ್ಬನಿ ಜೋರಾಗಿದೆ ಯಜಮಾನ್ರೇ, ಅದೇ ಇಳಿದು ತೊಳೆದುಕೊಂಡು ಹೋಗುತ್ತಿದೆ ಎಂದೆ. ಅವರ ಮುಖ ಎಷ್ಟು ಅರಳಿತು ಎಂದರೆ, ಮಗುವಿನ ಕೈಗೆ ಬೆಲ್ಲ ಕೊಟ್ಟ ಹಾಗಾಯಿತು. ಮಾದಮ್ಮನ ಹಾಗೆಯೇ ನಾನೂ ಒಳ್ಳೆಯದಕ್ಕೇ ಸುಳ್ಳು ಹೇಳಿದ್ದೆ.

ಆ ಮಾತು ಬಸದಿಗೆ ಹೋಯಿತು, ನೆಂಟರ ಮನೆಗಳಿಗೆ ಹೋಯಿತು. ಜೀವದಯೆ ಕಾಪಾಡಿದರೆ ಇಬ್ಬನಿಯೂ ಆಳಾಗಿ ದುಡಿಯುತ್ತದೆ ಎಂದು ಯಜಮಾನರು ಹೇಳಿಕೊಂಡರು. ಜಂಬಕ್ಕಲ್ಲ, ನಿಜವಾಗಿ ನಂಬಿ ಹೇಳಿದರು. ಕೇಳಿಸಿಕೊಂಡಾಗಲೆಲ್ಲ ನಾನು ತಕ್ಕಡಿ ಬಟ್ಟಲು ಮತ್ತೆ ಒರೆಸುತ್ತಿದ್ದೆ.

ಇನ್ನೊಂದು ಸಂಗತಿ ಇದೆ. ಇದನ್ನು ಹೇಳಲು ನಾಲಿಗೆ ತಡೆಯುತ್ತದೆ. ಮಾದಮ್ಮ ಒರೆಸಿದ ದಿನಗಳಲ್ಲಿ ಬಟ್ಟೆಯ ತೇವ ಆ ಬಿರುಕಿನೊಳಗೆ ಇಳಿಯುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ನಾನು ಬಾಗಿಲು ತೆಗೆದರೆ ಇನ್ವರ್ಟರಿನಲ್ಲಿ ಕೆಂಪು ದೀಪ ಉರಿಯುತ್ತಿರುತ್ತಿತ್ತು. ಒಂಬತ್ತೂವರೆಗೆ ಬಿಸಿಲೇರಿ ತೇವ ಆರಿದರೆ ತಾನೇ ಹಸಿರಾಗುತ್ತಿತ್ತು. ಯಜಮಾನರು ಬರುವುದು ಹತ್ತಕ್ಕೆ. ಫೋನ್ ಮಾಡಿದರೆ ಅರುಣ್‌ಕುಮಾರ್ ಬರುತ್ತಾನೆ, ತೇವ ಎಲ್ಲಿಂದ ಬಂತು, ಯಾರು ಒರೆಸಿದರು ಎಂದು ಕೇಳುತ್ತಾನೆ, ಗುಟ್ಟು ಬಯಲಾಗುತ್ತದೆ. ಆದ್ದರಿಂದ ನಾನು ಆ ಪೆಟ್ಟಿಗೆಯ ಮುಂದೆ ಖಾಲಿ ಚೀಲಗಳನ್ನು ಪೇರಿಸಿಟ್ಟೆ. ಸರದಿ ತಪ್ಪಿಸಿದವರನ್ನು ಊರೆಲ್ಲ ಕೇಳುವ ಹಾಗೆ ಬೈಯುವ ನಾನು, ಮೂರು ದಿನಕ್ಕೊಮ್ಮೆ ಕೂಗುತ್ತಿದ್ದ ಆ ದೀಪದ ಬಾಯಿ ಮುಚ್ಚಿದೆ.

ಸಂಕ್ರಾಂತಿ ಕಳೆದ ಮೇಲೆ ಅರುಣ್‌ಕುಮಾರ್ ಫೋನ್ ಮಾಡಿದ. ಅಳತೆಯ ಪ್ಯಾನೆಲ್ ತಿಪಟೂರಿನಲ್ಲಿ ಸಿಕ್ಕಿದೆ, ತಂದು ಹಾಕುತ್ತೇನೆ ಎಂದ. ಯಜಮಾನರು ನಮ್ಮ ಎದುರಿಗೇ ಮಾತಾಡಿದರು. ಎಲ್ಲ ಚೆನ್ನಾಗಿ ನಡೆಯುತ್ತಿದೆಯಪ್ಪ, ಹಿಂದೆ ಎಂದೂ ಇಷ್ಟು ಕರೆಂಟು ಬಂದಿಲ್ಲ, ನಡೆಯುತ್ತಿರುವುದನ್ನು ಯಾಕೆ ಕೀಳುವುದು, ಯುಗಾದಿ ಆಗಲಿ ನೋಡೋಣ ಎಂದು ಇಟ್ಟುಬಿಟ್ಟರು. ಮಾದಮ್ಮ ನನ್ನ ಮುಖ ನೋಡಿದಳು. ನಾವು ಒರೆಸಿ ಒರೆಸಿ ಎಲ್ಲ ನೆಟ್ಟಗಿದೆ ಎಂದು ಅವರಿಗೆ ನಂಬಿಸಿದ್ದೆವು.

ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಮಾದಮ್ಮ, ಹೇಳಿಬಿಡೋಣ ಎಂದಳು. ಬೇಡ ಎಂದವಳು ನಾನು. ಮೂರು ತಿಂಗಳು ತನ್ನ ಚಾವಣಿಯ ಮೇಲೆ ಹುಳ ಸತ್ತಿವೆ ಎಂದು ಗೊತ್ತಾದರೆ ಆ ಮನುಷ್ಯ ಪ್ರಾಯಶ್ಚಿತ್ತವೆಂದು ಅನ್ನ ನೀರು ಬಿಟ್ಟು ಕೂರುತ್ತಾರೆ, ಈ ವಯಸ್ಸಿನಲ್ಲಿ ಅದೇ ಸಾಕು ಹೋಗುವುದಕ್ಕೆ ಎಂದೆ. ಇನ್ನೊಂದು ತಿಂಗಳು ನೋಡೋಣ, ಶಿವರಾತ್ರಿ ಕಳೆಯಲಿ, ಆಮೇಲೆ ಏನಾದರೂ ನೆಪ ಹೇಳಿ ಆ ಪ್ಯಾನೆಲ್ ತೆಗೆಸೋಣ ಎಂದೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಿದ್ದೆವು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮಾದಮ್ಮ ಅರ್ಧ ಮುದ್ದೆ ಹಾಗೇ ಬಿಟ್ಟು ಎದ್ದಳು.

ಮಾಘ ಮಾಸದ ಒಂದು ಗುರುವಾರ. ಶ್ರವಣಬೆಳಗೊಳದ ಕಡೆಯಿಂದ ಯಜಮಾನರ ಬೀಗರು ಬರುವವರಿದ್ದರು. ಇಬ್ಬನಿ ತೊಳೆಯುವ ಚಾವಣಿಯನ್ನು ಮೇಲೆ ಹತ್ತಿಸಿ ತೋರಿಸಬೇಕೆಂದು ಯಜಮಾನರಿಗೆ ಆಸೆ. ರಾಗಿ ಕೊಯ್ಲು ಮುಗಿದು ಮಿಲ್ಲಿನ ಮುಂದೆ ಜನವೋ ಜನ, ನಾಲ್ಕು ಮಿಷನ್ನೂ ಓಡುತ್ತಿದ್ದವು. ಹನ್ನೊಂದು ಗಂಟೆಯ ಹೊತ್ತಿಗೆ ಅವರು ಹಿಂದಿನ ಬಾಗಿಲಿಂದ ಬಂದದ್ದು ನನಗೆ ಕಾಣಲಿಲ್ಲ. ಮೂರನೇ ಸಾಲಿನಲ್ಲಿ ಕಾಗೆಗಳು ಹಿಕ್ಕೆ ಹಾಕಿದ್ದವು, ಬೀಗರು ಬರುವ ಮುಂಚೆ ಅಷ್ಟನ್ನು ತಾವೇ ಒರೆಸಬೇಕೆಂದುಕೊಂಡರಂತೆ. ಹಿಂದಿನ ಏಟು ಅವರಿಗೆ ಮರೆತಿತ್ತೋ, ಇಷ್ಟು ತಿಂಗಳು ಏನೂ ಆಗಲಿಲ್ಲವಲ್ಲ ಎಂಬ ಧೈರ್ಯವೋ. ಒಂದು ತಂಬಿಗೆ ನೀರು, ಒಂದು ಬಿಳಿ ಬಟ್ಟೆ. ಅವರಿಗೆ ಅದು ಆಗಲೇ ಬಸದಿಯಂಥ ಜಾಗವಾಗಿತ್ತು. ಚಪ್ಪಲಿಯನ್ನು ಏಣಿಯ ಕೆಳಗೆ ಜೋಡಿಸಿಟ್ಟು ಬರಿಗಾಲಲ್ಲಿ ಹತ್ತಿದ್ದರು.

ಮಾದಮ್ಮ ಕಸ ಹಾಕಲು ಹಿಂದಕ್ಕೆ ಹೋದವಳು ಆ ಚಪ್ಪಲಿ ನೋಡಿದಳು. ಅವಳು ಕೂಗಿದ್ದು ಮಿಷನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಓಡಿ ಬಂದು ನನ್ನ ರಟ್ಟೆ ಹಿಡಿದು ಎಳೆದಳು. ನಾನು ಮಾಡಿದ್ದೇನು ಗೊತ್ತೆ? ಓಡಿ ಹೋಗಿ ಮೇನ್ ಆಫ್ ಮಾಡಿದೆ. ಮಿಷನ್ನುಗಳೆಲ್ಲ ನಿಂತು ಮಿಲ್ ಒಮ್ಮೆಲೇ ಸುಮ್ಮನಾಯಿತು. ಆ ಸ್ವಿಚ್ಚಿನಿಂದ ಮೇಲೆ ಏನೂ ನಿಲ್ಲುವುದಿಲ್ಲ ಎಂದು ನನ್ನ ಕಿವಿಯಾರೆ ಕೇಳಿದ್ದೆ, ಆದರೂ ಅದನ್ನೇ ಮಾಡಿದೆ. ಆ ನಿಶ್ಶಬ್ದದಲ್ಲಿ ತಂಬಿಗೆ ಶೀಟಿನ ಮೇಲೆ ಉರುಳಿಕೊಂಡು ಬಂದು ಕೆಳಗೆ ಬಿದ್ದದ್ದು ಎಲ್ಲರಿಗೂ ಕೇಳಿಸಿತು.

ಮಾದಮ್ಮ ಒಣಗಿದ ಗೋಣಿಚೀಲಗಳನ್ನು ಕೈಗೆ ಸುತ್ತಿಕೊಂಡು ಹತ್ತಿದಳು. ಅವರು ಒಡೆದ ಪ್ಯಾನೆಲ್ಲಿನ ಅಂಚಿಗೆ ಕೈ ಅಂಟಿಕೊಂಡು ಒರಗಿದ್ದರಂತೆ. ಚೀಲ ಹಾಕಿ ಎಳೆದು ಬಿಡಿಸಿದಳು. ನಾಲ್ಕು ಜನ ಸೇರಿ ಇಳಿಸಿದೆವು. ಹಾಸನಕ್ಕೆ ಹೊರಟ ಗಾಡಿಯಲ್ಲಿ ಅವರ ತಲೆ ಮಾದಮ್ಮನ ತೊಡೆಯ ಮೇಲಿತ್ತು. ಅರ್ಧ ದಾರಿಗೇ ಎಲ್ಲ ಮುಗಿದಿತ್ತು, ಆದರೆ ಆಸ್ಪತ್ರೆ ಬಾಗಿಲಿನ ತನಕ ಅವಳು ಅವರ ಎದೆ ನೀವುವುದನ್ನು ಬಿಡಲಿಲ್ಲ.

ಅರುಣ್‌ಕುಮಾರ್ ಬಂದು ಒಡೆದ ಪ್ಯಾನೆಲ್ ಕಿತ್ತು ಕೆಳಗಿಳಿಸಿದ. ಇನ್ನೂ ಐದಾರರಲ್ಲಿ ಕಣ್ಣಿಗೆ ಕಾಣದಂಥ ಕೂದಲೆಳೆ ಬಿರುಕುಗಳಿವೆ, ಕಾದ ಗಾಜಿಗೆ ನೀರು ಹಾಕಿದ ಫಲ, ಇನ್ನು ಬಿಸಿಲಲ್ಲಿ ಯಾರಾದರೂ ನೀರು ತಗೊಂಡು ಹತ್ತಿದರೆ ಇದೇ ಗತಿ ಎಂದ. ಇನ್ವರ್ಟರ್ ತನ್ನ ಕೆಂಪು ದೀಪದ ಹೊತ್ತು, ದಿನ ಎಲ್ಲವನ್ನೂ ಒಳಗೆ ಬರೆದಿಟ್ಟುಕೊಂಡಿರುತ್ತದಂತೆ. ಅವನು ಚೀಲಗಳನ್ನು ಸರಿಸಿ ಅದನ್ನು ಓದಿದ. ಆಮೇಲೆ ನನ್ನ ಕಡೆ ತಿರುಗಿ, “ಒಂದ್ ಫೋನ್ ಮಾಡ್ಬೇಕಿತ್ತು ಅಕ್ಕಾ,” ಎಂದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸೂತಕ ಕಳೆದ ಮೇಲೆ ತ್ರಿಶಲಮ್ಮ ನಮ್ಮಿಬ್ಬರನ್ನೂ ಮನೆಗೆ ಕರೆಸಿದರು. ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಮಗಳು ದರ್ಶಿನಿ ಬಾಗಿಲಿಗೆ ಒರಗಿ ನಿಂತಿದ್ದಳು, ಅತ್ತು ಅತ್ತು ಕಣ್ಣು ಊದಿತ್ತು. ತ್ರಿಶಲಮ್ಮ ಮಾತ್ರ ಶಾಂತವಾಗಿದ್ದರು. ಅವರ ಶಾಂತಿ ನೋಡಿ ನನಗೆ ಹೆದರಿಕೆಯಾಯಿತು. ಮಾದಮ್ಮ ಪ್ರಾಣದ ಹಂಗು ತೊರೆದು ಹತ್ತಿದ್ದಕ್ಕೆ ಕೈ ಮುಗಿದರು. ಆಮೇಲೆ ಹೇಳಿದರು:

“ಹೋಗೋದು ಎಲ್ಲರಿಗೂ ಇದೆ. ಆದರೆ ಅವರು ಕೊನೇ ಗಳಿಗೆವರೆಗೂ ನಿಯಮ ಮುರಿಯಲಿಲ್ಲ. ಅವರ ಚಾವಣಿ ಮೇಲೆ ಒಂದು ಜೀವಕ್ಕೂ ನೋವಾಗಲಿಲ್ಲ. ನನಗೆ ಅದೊಂದೇ ಸಮಾಧಾನ. ಆ ನಿಯಮ ಈಗ ನಾನು ತಗೊಂಡಿದ್ದೀನಿ. ಸೋಮವಾರದಿಂದ ನಾನೇ ಹತ್ತುತ್ತೀನಿ, ಅದೇ ಹನ್ನೊಂದು ಗಂಟೆಗೆ.”

ದರ್ಶಿನಿ ಮತ್ತೆ ಅಳಲು ಶುರು ಮಾಡಿದಳು. ಎರಡು ದಿನದಿಂದ ಎಲ್ಲರೂ ಹೇಳಿ ಸೋತಿದ್ದರಂತೆ. ಬಿರುಕಿನ ವಿಷಯ ಹೇಳಿದರೆ, ಅವರಿಗೆ ಆದದ್ದು ನನಗೂ ಆಗಲಿ ಎನ್ನುತ್ತಿದ್ದರಂತೆ. ನಾನು ನೆಲ ನೋಡುತ್ತ ಕೂತೆ. ಸುಮ್ಮನಿದ್ದುಬಿಡು ಎಂದು ಮನಸ್ಸಿನಲ್ಲೇ ಮಾದಮ್ಮನಿಗೆ ಹೇಳುತ್ತಿದ್ದೆ. ಆ ಹೆಂಗಸಿಗೆ ಉಳಿದಿದ್ದ ಒಂದೇ ಸಮಾಧಾನ ಅದು, ಅದನ್ನು ಕಸಿದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ಅದರಲ್ಲೂ ಮಾದಮ್ಮನಿಗೆ?

ಮಾದಮ್ಮ ಎದ್ದು ಹೊರಗೆ ಹೋಗಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, ಬಾಯಿ ತೊಳೆದುಕೊಂಡು ಬಂದು ಅವರ ಮುಂದೆ ಕೂತಳು.

“ಅಮ್ಮಾರೇ, ನೀವ್ ಹತ್ಬ್ಯಾಡಿ. ಆ ನಿಯಮ ಮುರ್ದೋಗಿ ಬಾಳ ದಿನ ಆಯ್ತು. ದೀಪಾವಳಿ ಆದ್ಮ್ಯಾಲೆ ಕತ್ಲಲ್ಲಿ ಬಂದು ನಾನೇ ಒರೆಸ್ತಿದ್ದೆ. ಇಬ್ಬನಿ ಅಲ್ಲ ತಾಯಿ, ನಾನು. ಹುಳ ಸತ್ತವೆ. ಎಷ್ಟು ಅಂತ ಲೆಕ್ಕ ಇಲ್ಲ.”

ತ್ರಿಶಲಮ್ಮನವರ ಮುಖದಲ್ಲಿದ್ದ ಶಾಂತಿ ನನ್ನ ಕಣ್ಣೆದುರಿಗೇ ಹೋಯಿತು. ಒಂದೇ ಪ್ರಶ್ನೆ ಕೇಳಿದರು, “ಅವರಿಗೆ ಗೊತ್ತಿತ್ತಾ?”

“ಇಲ್ಲ.”

“ಹೋಗಿ,” ಎಂದರು. ಹದಿಮೂರು ವರ್ಷದಲ್ಲಿ ಆ ಮನೆಯಿಂದ ಮಜ್ಜಿಗೆಯನ್ನಾದರೂ ಕುಡಿಯದೆ ನಾವು ಹೊರಬಂದದ್ದು ಅದೇ ಮೊದಲು.

ರಸ್ತೆಗೆ ಬಂದ ಮೇಲೆ ಮಾದಮ್ಮ ಒಂದು ಮನೆಯ ಜಗಲಿ ಹಿಡಿದುಕೊಂಡು ಕೂತಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಇದೇ ಮಾತು ಕಣೇ ಮೀನಾಕ್ಷಿ. ಇದೇ ನಾಕು ಮಾತು ಆವತ್ತು ಆಯಪ್ಪನ ಮುಂದೆ ಆಡಿದ್ರೆ ಏನಾಗ್ತಿತ್ತು? ಮಕ ಬಾಡೋದು, ಅಷ್ಟೇ ತಾನೇ?”

ನಾನೇ ಬೇಡ ಎಂದಿದ್ದೆ ಎಂದು ಅವಳು ನೆನಪಿಸಲಿಲ್ಲ. ಇಲ್ಲಿಯವರೆಗೂ ಯಾರಿಗೂ ಹೇಳಿಲ್ಲ. ಮರುದಿನದಿಂದ ಅವಳು ಮಿಲ್ಲಿಗೆ ಬರಲಿಲ್ಲ, ಬರಬೇಡಿ ಎಂದು ದರ್ಶಿನಿಯ ಕೈಲಿ ಹೇಳಿಸಿದ್ದರು. ಅವಳು ದಾರಿಯಲ್ಲಿ ಎದುರಾದರೆ ತ್ರಿಶಲಮ್ಮ ಸೆರಗು ಎಳೆದುಕೊಂಡು ಆಚೆ ಬದಿಗೆ ಹೋಗುತ್ತಾರೆ. ಆದರೆ ಆ ಸೋಮವಾರ ಅವರು ಏಣಿ ಹತ್ತಲಿಲ್ಲ, ಇವತ್ತಿನವರೆಗೂ ಹತ್ತಿಲ್ಲ.